ಮುನಿಲಕ್ಷ್ಮಿ ತಂದ ಸೊಪ್ಪು

ಮುನಿಲಕ್ಷ್ಮಿಯ ತರಬೇತಿಗೆ ಬಂದವರು ಮೊದಲ ದಿನವೇ ಅವಳನ್ನು ಮನಸ್ಸಿನಲ್ಲಿ ಬೈದುಕೊಳ್ಳುತ್ತಾರೆ. ಬಂದು ಕೂತ ಹುಡುಗಿಯರ ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ಒಬ್ಬಳನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದಿನಿಂದ ಬಂದು, ಒಂದು ಮಾತೂ ಆಡದೆ ಬಾಯಿಗೆ ಚಮಚ ತುರುಕುತ್ತಾಳೆ. ರಾಗಿ ಗಂಜಿ ಗಲ್ಲದ ಮೇಲೆ ಇಳಿಯುತ್ತದೆ. ಹುಡುಗಿ ಕೆಮ್ಮಿ, ಸಿಟ್ಟಾಗಿ ಚಮಚ ತಳ್ಳಿದರೆ ಇವಳು ಉಳಿದವರ ಕಡೆ ತಿರುಗಿ, "ನೋಡ್ರಮ್ಮ, ಈ ಪೇಶಂಟು ಬಲೇ ಗಲಾಟೆ, ಊಟ ಮಾಡಲ್ಲ ಅಂತ ಹೇಳ್ಬಿಡಿ ಡಾಕ್ಟ್ರಿಗೆ" ಎನ್ನುತ್ತಾಳೆ. ಆಮೇಲೆ ಅದೇ ಹುಡುಗಿಯ ಎದುರು ಮಂಡಿಯೂರಿ ಕೂತು, ಸೆರಗಿನಿಂದ ಗಲ್ಲ ಒರೆಸಿ, "ತಪ್ಪಾಯ್ತು ಕಣೇ, ಈಗ ಹೇಳು, ನಿನ್ ಹೆಸರೇನು" ಎಂದು ಕೇಳುತ್ತಾಳೆ. ಅಷ್ಟರಲ್ಲಿ ಪಾಠ ಮುಗಿದಿರುತ್ತದೆ.

ನಾನು ನಾಹಿದ್. ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಹೋಗುವ ರಸ್ತೆಯಲ್ಲಿ, ಮಾವಿನ ತೋಪುಗಳ ನಡುವೆ ಇರುವ ನಮ್ಮ ವೃದ್ಧರ ಮನೆಯಲ್ಲಿ ನರ್ಸ್. ಇಲ್ಲಿರುವವರಲ್ಲಿ ಮರೆವಿನ ಕಾಯಿಲೆಯವರೇ ಹೆಚ್ಚು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಕಾರಿನಲ್ಲಿ ಬಂದು, ಗೋಡೆಯ ಮೇಲೆ ಮೆದುಳಿನ ಚಿತ್ರ ಬಿಟ್ಟು, ಟೀ ಬಿಸ್ಕತ್ತು ಮುಗಿಸಿಕೊಂಡು ಹೋಗುವ ತರಬೇತಿಯವರನ್ನು ಕಂಡರೆ ನನಗೆ ಆಗಿಬರುವುದಿಲ್ಲ. ಮುನಿಲಕ್ಷ್ಮಿ ಆ ಜಾತಿಯವಳಲ್ಲ. ಅದಕ್ಕೇ ಅವಳ ಕಥೆ ಹೇಳಲು ಕೂತಿದ್ದೇನೆ.

ಗೌನಿಪಲ್ಲಿ ಹತ್ತಿರದ ಹಳ್ಳಿಯ ಹೆಣ್ಣು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು, ಓದು ಅಲ್ಲಿಗೇ ನಿಂತಿತು. ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದಳು. ಗಂಡ ಕದಿರೇಶ್ ಆಟೋ ಓಡಿಸುತ್ತಾನೆ. ಮಾತು ಕಡಿಮೆ, ಹಾರನ್ ಜಾಸ್ತಿ. ಮಾವಿನ ಸೀಸನ್ನಿನಲ್ಲಿ ಇವಳು ಮಂಡಿಗೆ ಹೋಗಿ ಕಾಯಿ ವಿಂಗಡಿಸುತ್ತಿದ್ದಳು. ಆಮೇಲೆ ನಮ್ಮಲ್ಲಿಗೆ ಆಯಾ ಆಗಿ ಬಂದಳು. ಬೆಂಗಳೂರಿನಲ್ಲಿ ಮರೆವಿನ ಕಾಯಿಲೆಯವರ ಆರೈಕೆಗೆ ತರಬೇತಿ ಇದೆ ಎಂದು ನಮ್ಮ ಟ್ರಸ್ಟಿನವರು ನನ್ನನ್ನು ಕರೆದಾಗ ನನ್ನ ಅತ್ತೆ ಆಸ್ಪತ್ರೆಯಲ್ಲಿದ್ದರು. ಯಾರಾದರೂ ಒಬ್ಬರು ಬರಲಿ ಎಂದರು. ಮುನಿಲಕ್ಷ್ಮಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು.

ವಾಪಸು ಬಂದವಳ ಬಾಯಲ್ಲಿ ಒಂದೇ ಮಾತು: "ಕಾಯಿಲೆ ಯಾವ್ದು ಅಂತ ಆಮೇಲೆ ಕೇಳಣ ಸಿಸ್ಟರ್, ಮನುಷ್ಯ ಯಾರು ಅಂತ ಮೊದ್ಲು ಕೇಳಣ." ಸರಿಯಮ್ಮ ತಾಯಿ, ಕೇಳು ಎಂದೆ. ನಮ್ಮಲ್ಲಿದ್ದ ಮುಳಬಾಗಿಲಿನ ಲಿಯಾಖತ್ ಸಾಹೇಬರು ಆಯಾಗಳ ಸೆರಗು ಹಿಡಿದೆಳೆಯುತ್ತಾರೆ ಎಂದು ದೂರು ಬಂದಿತ್ತು. ಮುದುಕನಿಗೆ ಈ ವಯಸ್ಸಿನಲ್ಲಿ ಏನು ಬಂತು ಎಂದು ನಾವೆಲ್ಲ ಮುಖ ಸಿಂಡರಿಸಿದ್ದೆವು. ಇವಳು ಹೋಗಿ ಅವರ ಮುಂದೆ ಹರಿದ ದಿಂಬಿನ ಚೀಲಗಳನ್ನು ಸುರಿದಳು. ಮೂವತ್ತು ವರ್ಷ ಬಟ್ಟೆ ಹೊಲಿದ ಮನುಷ್ಯ ಒಂದೊಂದರ ಅಂಚನ್ನೂ ಎಳೆದು, ಬೆರಳಲ್ಲಿ ಅಳೆದು, ಮಡಿಚಿ ಇಡತೊಡಗಿದರು. ಅಂದಿನಿಂದ ಸೆರಗಿನ ತಂಟೆಗೆ ಬಂದಿಲ್ಲ. ಟ್ರಸ್ಟಿನವರು ಅವಳನ್ನೇ ತರಬೇತುಗಾರ್ತಿ ಮಾಡಿದರು. ಮಾಲೂರು, ಕೋಲಾರ, ಮುಳಬಾಗಿಲಿನ ಹುಡುಗಿಯರು ಅವಳ ಹತ್ತಿರ ಕಲಿಯಲು ನಮ್ಮಲ್ಲಿಗೆ ಬರತೊಡಗಿದರು.

ಆಂಜಿನಮ್ಮ ಬಂದದ್ದು ದಸರಾ ಹೊತ್ತಿಗೆ. ಕರೆದುಕೊಂಡು ಬಂದವಳು ಮಗಳು ಗಂಗಾ. ಗಂಗಾ ಕೋಲಾರದಲ್ಲಿ ಬಸ್ ಕಂಡಕ್ಟರ್. ಬಸ್ಸಿನಲ್ಲಿ ಕುಡಿದವರನ್ನು ಕುತ್ತಿಗೆ ಹಿಡಿದು ಇಳಿಸಬಲ್ಲ ಗಟ್ಟಿಗಿತ್ತಿ. ತಾಯಿಯನ್ನು ಜೊತೆಗೇ ಇಟ್ಟುಕೊಂಡಿದ್ದಳು. ಆದರೆ ಇವಳು ಡ್ಯೂಟಿಗೆ ಹೋದ ಹೊತ್ತಿನಲ್ಲಿ ತಾಯಿ ಬಾಗಿಲು ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಒಮ್ಮೆ ಹೆದ್ದಾರಿ ಪಕ್ಕ ಯಾರದೋ ಬೇಲಿಯಲ್ಲಿ ಸೊಪ್ಪು ಕೀಳುತ್ತಾ ಸಿಕ್ಕರಂತೆ. "ಬೇರೆ ದಾರಿ ಇಲ್ದೆ ತಂದೆ ಸಿಸ್ಟರ್" ಎಂದು ಗಂಗಾ ನನ್ನ ಮುಖ ನೋಡದೆ ಹೇಳಿದಳು. ಹಾಗೆ ಹೇಳದವರು ಇಲ್ಲಿಗೆ ಯಾರೂ ಬಂದಿಲ್ಲ.

ಪ್ರತಿ ಗುರುವಾರ ಗಂಗಾಳಿಗೆ ರಜೆ. ತಲೆಗೆ ನೀರು ಹಾಕಿಕೊಂಡು, ಮಲ್ಲಿಗೆ ಮುಡಿದು, ಮುಖಕ್ಕೆ ಪೌಡರ್ ಬಳಿದುಕೊಂಡು ತಾಯಿಯನ್ನು ನೋಡಲು ಬರುತ್ತಿದ್ದಳು. ಹೊಸ್ತಿಲಲ್ಲಿ ಕಾಲಿಡುವ ಮೊದಲೇ ಆಂಜಿನಮ್ಮ ಎದ್ದು ಕೂತು, "ಲೋಪಲಿಕಿ ರಾವದ್ದು" ಎನ್ನುತ್ತಿದ್ದರು. ಒಳಗೆ ಬರಬೇಡ. ಮಗಳು ಇನ್ನೊಂದು ಹೆಜ್ಜೆ ಇಟ್ಟರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರು. ಗಂಗಾ ವರಾಂಡದಲ್ಲಿ ಕೂತು ಅಳುತ್ತಿದ್ದಳು. "ಊರೋರೆಲ್ಲ ಒಳಗೆ ಹೋಗ್ಬೌದು. ಹೆತ್ ಮಗಳನ್ನ ಮಾತ್ರ ಮರ್ತೋದ್ಲು." ಕಾಯಿಲೆಯಮ್ಮ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ನಾನು ನೂರು ಜನಕ್ಕೆ ಹೇಳಿದ್ದನ್ನೇ ಅವಳಿಗೂ ಹೇಳಿದೆ.

ಮುನಿಲಕ್ಷ್ಮಿ ಹೇಳಲಿಲ್ಲ. ಆಂಜಿನಮ್ಮನ ಹೊಸ್ತಿಲ ಹೊರಗೆ ಗೋಡೆಗೆ ಒರಗಿ ಕೂತು, ಯಾರನ್ನು ಒಳಗೆ ಬಿಡುತ್ತಾರೆ, ಯಾರನ್ನು ಅಟ್ಟುತ್ತಾರೆ ಎಂದು ನೋಡುತ್ತಾ ಇದ್ದಳು. ಹೂ ಮುಡಿದವರಿಗೆ ಪ್ರವೇಶ ಇಲ್ಲ. ಊದುಬತ್ತಿ ಹಚ್ಚಿ ಬಂದವರಿಗೆ ಇಲ್ಲ. ಪೌಡರ್ ಬಳಿದವರಿಗೆ ಇಲ್ಲ. ಬೆಳಿಗ್ಗೆ ನೆಲ ಒರೆಸುವವಳು, ಒದ್ದೆ ಕಾಲಿನಲ್ಲಿ ಬರುವವಳು, ಅವಳಿಗೆ ಮಾತ್ರ ಬಾ ಬಾ ಎನ್ನುತ್ತಿದ್ದರು. ಆ ಗುರುವಾರ ಗಂಗಾಳನ್ನು ಪಕ್ಕಕ್ಕೆ ಕರೆದು, "ನಿಮ್ಮನೇಲಿ ರೇಷ್ಮೆ ಹುಳ ಸಾಕ್ತಿದ್ರಾ?" ಎಂದು ಕೇಳಿದಳು.

ಸಾಕುತ್ತಿದ್ದರಂತೆ. ಮುಳಬಾಗಿಲ ಹತ್ತಿರದ ಅವರ ಹಳ್ಳಿಯಲ್ಲಿ ಆಂಜಿನಮ್ಮನ ಬಾಳೆಲ್ಲ ಹುಳದ ಮನೆಯಲ್ಲೇ ಕಳೆದಿತ್ತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ದೂರದವರಿಗೆ ಹೇಳುತ್ತೇನೆ: ರೇಷ್ಮೆ ಹುಳಕ್ಕೆ ವಾಸನೆ ಆಗದು. ಹುಳದ ಮನೆಗೆ ಹೂವು, ಸೆಂಟು, ಊದುಬತ್ತಿ, ಒಗ್ಗರಣೆಯ ಹೊಗೆ ಯಾವುದೂ ಹೋಗಕೂಡದು. ಕಾಲು ತೊಳೆದು, ಸುಣ್ಣ ತುಳಿದು ಒಳಗೆ ಹೋಗಬೇಕು. ಹೊರಗಿನವರು ಬಾಗಿಲಲ್ಲೇ ನಿಲ್ಲಬೇಕು.

"ನಿಮ್ತಾಯಿ ನಿಮ್ಮನ್ನ ಮರ್ತಿಲ್ಲ. ನಿಮ್ ಮಲ್ಲಿಗೆನ ಬೈತಾ ಅವ್ರೆ" ಎಂದಳು ಮುನಿಲಕ್ಷ್ಮಿ.

ಮುಂದಿನ ಗುರುವಾರ ಗಂಗಾ ಹೂವಿಲ್ಲದೆ ಬಂದಳು, ಮುಖ ತೊಳೆದುಕೊಂಡಳು, ಹೊಸ್ತಿಲಲ್ಲಿ ಇಟ್ಟಿದ್ದ ಬೇಸಿನ್ನಿನಲ್ಲಿ ಕಾಲು ಅದ್ದಿ ಒಳಗೆ ಹೋದಳು. ಆಂಜಿನಮ್ಮ ತಲೆ ಎತ್ತಿ ನೋಡಿ, "ಈಗ್ ಬಂದ್ಯಾ? ಬಸ್ ಸಿಕ್ತಾ?" ಎಂದು ಕೇಳಿದರು. ಗಂಗಾ ಅವರ ಮಡಿಲಲ್ಲಿ ತಲೆಯಿಟ್ಟು ಅತ್ತಳು. ತಾಯಿ ಮಗಳ ಒದ್ದೆ ಕೂದಲಲ್ಲಿ ಕೈಯಾಡಿಸುತ್ತಾ, ಹುಳ ಮಲಗಿವೆ, ಮೆತ್ತಗೆ ಅಳು ಎಂದರು. ಆವತ್ತಿನಿಂದ ಗಂಗಾಳಿಗೆ ಮುನಿಲಕ್ಷ್ಮಿ 'ಅಕ್ಕ' ಆದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ, ಟ್ರಸ್ಟಿನವರು ಅವರ ಪತ್ರಿಕೆಯಲ್ಲಿ ಹಾಕಿಕೊಳ್ಳುತ್ತಿದ್ದರು. ಆಂಜಿನಮ್ಮನಿಗೆ ಊಟದ ಸಮಸ್ಯೆ ಇತ್ತು. ಹುಳದ ಮನೆಯಲ್ಲಿ ಮೊದಲು ಹುಳಕ್ಕೆ ಸೊಪ್ಪು, ಆಮೇಲೆ ಮನುಷ್ಯರಿಗೆ ಊಟ. ತಟ್ಟೆ ಮುಂದಿಟ್ಟರೆ, "ಅವು ಹಸ್ಕೊಂಡವೆ, ನಂಗೆಂಗೆ ಇಳಿತದೆ?" ಎಂದು ಸರಿಸುತ್ತಿದ್ದರು. ಹುಳಕ್ಕೆ ಹಾಕಾಯಿತು ಎಂದರೆ, ಎಲ್ಲಿ ತೋರಿಸು ಎನ್ನುತ್ತಿದ್ದರು. ಮುನಿಲಕ್ಷ್ಮಿ ಬಿದಿರಿನ ತಟ್ಟೆಯಲ್ಲಿ ಬರೀ ಸೊಪ್ಪು ಹರಡಿ ಕೊಟ್ಟು ನೋಡಿದಳು. ಆಂಜಿನಮ್ಮ ಬಗ್ಗಿ, ಕಿವಿಯಿಟ್ಟು ಕೇಳಿ, "ಸದ್ದೇ ಇಲ್ಲ" ಎಂದು ತಟ್ಟೆಯನ್ನು ಮಗುಚಿದರು. ಹುಳ ಸೊಪ್ಪು ತಿನ್ನುವಾಗ ಸಣ್ಣ ಮಳೆ ಬಿದ್ದಂತೆ ಸದ್ದು ಬರುತ್ತದೆ. ಆ ಸದ್ದನ್ನು ಎಲ್ಲಿಂದ ತರುವುದು?

ದೀಪಾವಳಿ ಕಳೆಯುವಷ್ಟರಲ್ಲಿ ಅವರ ರವಿಕೆ ಮೈಮೇಲೆ ಜೋತಾಡುತ್ತಿತ್ತು. ವಾರಕ್ಕೊಮ್ಮೆ ಬರುವ ಡಾಕ್ಟರು, ಹೀಗೇ ಆದರೆ ಕೋಲಾರಕ್ಕೆ ಸೇರಿಸಿ ಮೂಗಿನಲ್ಲಿ ನಳಿಕೆ ಹಾಕಿಸಬೇಕು ಎಂದರು. ಗಂಗಾ ಕೈಮುಗಿದಳು. "ನಳಿಕೆ ಬ್ಯಾಡ ಡಾಕ್ಟ್ರೇ. ಕಿತ್ಕೊಂತಾಳೆ. ಕೈ ಕಟ್ತಾರೆ. ಆ ಕೈನ ಕಟ್ಟಾಕದ್ ನಾನ್ ನೋಡಕಾಗಲ್ಲ."

ಆ ಕೈ ಎಂದು ಅವಳು ಒತ್ತಿ ಹೇಳಿದ್ದಕ್ಕೆ ಕಾರಣ ಇತ್ತು. ಆಂಜಿನಮ್ಮನ ಕೈಗುಣ ಊರಿಗೇ ಹೆಸರಾಗಿತ್ತಂತೆ. ಯಾರ ಮನೆಯಲ್ಲಿ ಹೊಸದಾಗಿ ಹುಳ ಇಟ್ಟರೂ, ಮೊದಲ ಸೊಪ್ಪು ಆಂಜಿನಮ್ಮನ ಕೈಯಿಂದಲೇ ಹಾಕಿಸಬೇಕು. ಅವರು ಹಾಕಿದರೆ ಬೆಳೆ ಕೆಡುವುದಿಲ್ಲ ಎಂದು ನಂಬಿಕೆ. ಒಬ್ಬರ ಹಿಂದೆ ಒಬ್ಬರು ಬಂದು ಕರೆದುಕೊಂಡು ಹೋಗುವುದು, ಕುಂಕುಮ ಇಟ್ಟು ಕಳಿಸುವುದು. ಹೆಂಗಸಿಗೆ ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ನಾನಂತೂ ಕಂಡಿಲ್ಲ.

ಮುನಿಲಕ್ಷ್ಮಿ ನನ್ನ ಹತ್ತಿರ ಬಂದು, "ಸಿಸ್ಟರ್, ಹುಳ ತರ್ತೀನಿ" ಎಂದಳು.

"ಹುಳ ಅಂದ್ರೆ?"

"ಹುಳಾನೇ. ನಮ್ ತವರ್ಮನೇಲಿ ಮೂರನೇ ಜ್ವರ ಎದ್ದವೆ. ಒಂದ್ ತಟ್ಟೆ ತರ್ತೀನಿ."

ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು ಮಲಗುವುದಕ್ಕೆ ಇವರು ಜ್ವರ ಎನ್ನುತ್ತಾರೆ. ನನಗೆ ತಲೆ ಕೆಟ್ಟುಹೋಯಿತು. ಇದು ಆರೈಕೆ ಮನೆಯೋ, ರೇಷ್ಮೆ ಫಾರಮ್ಮೋ? ನಾಳೆ ಇನ್ನೊಬ್ಬರು ಹಸು ಬೇಕು ಎಂದರೆ ಕಟ್ಟುತ್ತೀಯಾ ಎಂದು ರೇಗಿದೆ. ಅವಳು ನಗಲಿಲ್ಲ. "ನಳಿಕೆ ಹಾಕೋಕ್ ಮುಂಚೆ ಇದೊಂದ್ ನೋಡೇಬಿಡಣ" ಎಂದಳು.

ಕದಿರೇಶನ ಆಟೋದಲ್ಲಿ ಹುಳದ ತಟ್ಟೆ ಬಂತು. ಜೊತೆಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಹಿಪ್ಪುನೇರಳೆ ಸೊಪ್ಪು. ಆಂಜಿನಮ್ಮ ತಟ್ಟೆಯ ಮುಂದೆ ಕೂತರು. ಸೊಪ್ಪನ್ನು ಮುಟ್ಟಿ ನೋಡಿದರು, ಬಲಿತ ಎಲೆ ತೆಗೆದು ಪಕ್ಕಕ್ಕೆ ಹಾಕಿದರು, ಎಳೆಯದನ್ನು ಅಂಗೈಯಲ್ಲಿ ಬಿಡಿಸಿ ಹುಳದ ಮೇಲೆ ಉದುರಿಸಿದರು. ಸ್ವಲ್ಪ ಹೊತ್ತಿಗೆ ಆ ಸದ್ದು ಶುರುವಾಯಿತು. ಆಂಜಿನಮ್ಮ ಕೈ ಒರೆಸಿಕೊಂಡು, "ನಂಗ್ ಏನ್ ಮಾಡಿದೀರಾ ಊಟಕ್ಕೆ?" ಎಂದು ಕೇಳಿದರು. ಮುದ್ದೆ, ಬಸ್ಸಾರು. ಒಂದು ಮುದ್ದೆ ಪೂರ್ತಿ ನುಂಗಿದರು. ನಾನು ಬಾಗಿಲ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ, ಯಾರಿಗೂ ತೋರಿಸಿಕೊಳ್ಳಲಿಲ್ಲ.

ಆ ಹದಿನೈದಿಪ್ಪತ್ತು ದಿನ ನಮ್ಮ ಮನೆ ಮನೆಯಾಗಿತ್ತು. ಕಲಿಯಲು ಬಂದ ಹುಡುಗಿಯರು ಆಂಜಿನಮ್ಮನ ಹೊಸ್ತಿಲಲ್ಲಿ ಕಾಲು ತೊಳೆದು ಒಳಗೆ ಹೋಗುತ್ತಿದ್ದರು. ಕಾಲು ತೊಳೆಯುವಾಗ ಆತುರ ಇಳಿಯುತ್ತದೆ, ಹಾಗೇ ಬೇರೆಯವರ ಕೋಣೆಗೂ ನಿಧಾನವಾಗಿ ಹೋಗುವುದನ್ನು ಕಲಿತರು. ಆಂಜಿನಮ್ಮ ಅವರಿಗೆ ಸೊಪ್ಪು ಹಾಕುವುದು ಹೇಳಿಕೊಡುತ್ತಿದ್ದರು, ಹುಡುಗಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು. ಗಂಗಾ ಬಂದರೆ ಇಬ್ಬರೂ ಅಕ್ಕಪಕ್ಕ ಕೂತು ಸೊಪ್ಪು ಬಿಡಿಸುತ್ತಾ ಊರಿನವರನ್ನೆಲ್ಲ ಬೈಯುತ್ತಿದ್ದರು. ಹುಳ ಹಣ್ಣಾಗಿ ಬಂಗಾರದ ಬಣ್ಣಕ್ಕೆ ತಿರುಗಿದಾಗ ಮುನಿಲಕ್ಷ್ಮಿ ಗೂಡು ಕಟ್ಟಿಸುವ ಬಿದಿರಿನ ತಟ್ಟಿ, ಚಂದ್ರಿಕೆ, ತಂದಳು. ಆಂಜಿನಮ್ಮ ಒಂದೊಂದೇ ಹುಳ ಆರಿಸಿ ಅದರ ಸುರುಳಿಗಳಿಗೆ ಬಿಟ್ಟರು. ಗೂಡು ಕಟ್ಟಿದವು; ಗೂಡಿನೊಳಗಿನ ಹುಳಕ್ಕೆ ಸೊಪ್ಪು ಬೇಡ, ಚಂದ್ರಿಕೆ ಕಣ್ಣೆದುರು ಇರುವಷ್ಟು ದಿನ ಆಂಜಿನಮ್ಮ ನೆಮ್ಮದಿಯಾಗಿ ಉಂಡರು. ಟ್ರಸ್ಟಿನವರು ಬಂದು ವಿಡಿಯೋ ಮಾಡಿಕೊಂಡು ಹೋದರು.

ಸಂಕ್ರಾಂತಿಗೆ ಸ್ವಲ್ಪ ಮುಂಚೆ ಎರಡನೇ ತಟ್ಟೆ ಬಂತು. ಆಂಜಿನಮ್ಮ ಮೈಕೈ ತುಂಬಿಕೊಂಡಿದ್ದರು. ಹೊರಗೆ ಮಾವಿನ ಮರಗಳು ಹೂ ಬಿಡತೊಡಗಿದ್ದವು.

ಹಬ್ಬ ಕಳೆದ ಮೇಲೆ ಒಂದು ದಿನ ಕದಿರೇಶನ ಆಟೋ ಗ್ಯಾರೇಜು ಸೇರಿತು. ತವರಿನ ಸೊಪ್ಪು ಬರಲಿಲ್ಲ. ಹುಳ ಕೊನೆಯ ಹಂತದಲ್ಲಿದ್ದವು, ಆಗ ಅವಕ್ಕೆ ಎಷ್ಟು ಹಾಕಿದರೂ ಸಾಲದು. ಆಂಜಿನಮ್ಮ ಖಾಲಿ ಕಡ್ಡಿಗಳನ್ನು ನೋಡಿ ಚಡಪಡಿಸುತ್ತಿದ್ದರು. ಮುನಿಲಕ್ಷ್ಮಿ ನಮ್ಮ ಹಿತ್ತಿಲಿನಾಚೆ ಒಬ್ಬ ಗೌಡರ ಹಿಪ್ಪುನೇರಳೆ ತೋಟ ಇದೆಯಲ್ಲ, ಅಲ್ಲಿಗೆ ಹೋಗಿ, ಕೇಳಿ, ಒಂದು ಹೊರೆ ಕೊಯ್ದು ತಂದಳು. ಔಷಧಿ ಹೊಡೆದಿದ್ದೀರಾ ಎಂದೂ ಕೇಳಿದಳು. ಇಲ್ಲ, ರೇಷ್ಮೆಗೆ ಯಾರಾದರೂ ಹೊಡೆಯುತ್ತಾರಾ ಎಂದರು. ಅವರು ಸುಳ್ಳು ಹೇಳಲಿಲ್ಲ. ಹೊಡೆದಿದ್ದು ಅವರ ಬೇಲಿಯಾಚೆಯ ಮಾವಿನ ತೋಪಿನವರು, ಹೂವಿಗೆ ಜಿಗಿ ಹುಳ ಬಿದ್ದಿದೆ ಎಂದು ಹಿಂದಿನ ದಿನ ಮಿಷನ್ನಿನಲ್ಲಿ. ಗಾಳಿ ಯಾವ ಕಡೆಗೆ ಬೀಸಿತ್ತೋ, ದೇವರಿಗೇ ಗೊತ್ತು.

ಹುಳದ ಸುದ್ದಿ ಗೊತ್ತಿಲ್ಲದ ನನ್ನಂಥವಳು ತಂದಿದ್ದರೆ ಆ ಸೊಪ್ಪನ್ನು ಎರಡು ಬಕೆಟ್ ನೀರಿನಲ್ಲಿ ಜಾಲಾಡಿಸಿ ಕೊಡುತ್ತಿದ್ದೆ. ಮುನಿಲಕ್ಷ್ಮಿ ತೊಳೆಯಲಿಲ್ಲ. ಹುಳದ ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳು ಎಲೆ ತೊಳೆಯುವುದಿಲ್ಲ, ಒದ್ದೆ ಎಲೆ ತಿಂದರೆ ಹುಳಕ್ಕೆ ರೋಗ ಬರುತ್ತದೆ ಎಂದು ಅವರಿಗೆ ಎದೆಹಾಲಿನ ಜೊತೆಗೇ ಬಂದಿರುತ್ತದೆ. ತೊಳೆದಿದ್ದರೂ ವಿಷ ಪೂರ್ತಿ ಹೋಗುತ್ತಿತ್ತು ಎಂದು ನಾನು ಹೇಳಲಾರೆ. ಆದರೂ ಆ ಎರಡು ಬಕೆಟ್ ನೀರು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಆಂಜಿನಮ್ಮ ತಮ್ಮ ಕೈಯಾರೆ ಹಾಕಿದರು. ಹುಳ ತಿಂದವು. ಊಟದ ಹೊತ್ತಿಗೆ ತಲೆ ಎತ್ತಿ ಆ ಕಡೆ ಈ ಕಡೆ ಆಡಿಸತೊಡಗಿದವು. ಆಮೇಲೆ ಹಸಿರು ಕಕ್ಕಿ, ನುಲಿದುಕೊಂಡು, ಒಂದೊಂದಾಗಿ ತಟ್ಟೆಯ ಅಂಚಿನಿಂದ ಕೆಳಗೆ ಬಿದ್ದವು. ಆಂಜಿನಮ್ಮ ಕೂಗಲಿಲ್ಲ. ಬಿದ್ದ ಹುಳಗಳನ್ನು ಎತ್ತಿ ಎತ್ತಿ ಮತ್ತೆ ಸೊಪ್ಪಿನ ಮೇಲೆ ಇಡುತ್ತಿದ್ದರು. ಅವರು ಎತ್ತಿಟ್ಟಿದ್ದು ಅವರ ಕೈಯಲ್ಲೇ ಸಾಯುತ್ತಿತ್ತು. ಮುನಿಲಕ್ಷ್ಮಿ ಓಡಿಬಂದು ತಟ್ಟೆ ಕಿತ್ತುಕೊಳ್ಳುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಆಂಜಿನಮ್ಮ ಎರಡೂ ಅಂಗೈ ಮುಂದೆ ಹಿಡಿದು ನೋಡಿಕೊಂಡು, "ನನ್ ಕೈ ಕೆಟ್ಟೋಯ್ತು" ಎಂದರು.

ಮಾರನೆಯ ದಿನಕ್ಕೆ ಮರೆತಿರುತ್ತಾರೆ ಎಂದುಕೊಂಡೆವು. ಹಿಂದಿನ ಹೊತ್ತು ಏನು ತಿಂದರೆಂದು ಮರೆಯುವವರು, ಗಂಡ ಸತ್ತಿದ್ದನ್ನೇ ಮರೆತವರು. ಬೆಳಿಗ್ಗೆ ಹೋಗಿ ನೋಡಿದರೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಯಾಕವ್ವ ಎಂದರೆ ಕಾರಣ ಗೊತ್ತಿಲ್ಲ. ಹುಳ ಎಂದರೆ ಯಾವ ಹುಳ ಎನ್ನುತ್ತಾರೆ. ತಟ್ಟೆ ನೆನಪಿಲ್ಲ, ಸೊಪ್ಪು ನೆನಪಿಲ್ಲ. ಕೈಯಲ್ಲಿ ವಿಷ ಇದೆ, ಮುಟ್ಟಿದ್ದು ಸಾಯುತ್ತದೆ ಎನ್ನುವುದು ಮಾತ್ರ ಉಳಿದುಕೊಂಡಿತ್ತು. ನಡೆದಿದ್ದನ್ನು ಮರೆಯುತ್ತಾರೆ, ಅದು ಕೊಟ್ಟ ನೋವನ್ನು ಮರೆಯುವುದಿಲ್ಲ ಎಂದು ಪ್ರತಿ ತರಬೇತಿಯಲ್ಲೂ ಹುಡುಗಿಯರಿಗೆ ಹೇಳಿಕೊಡುತ್ತಿದ್ದವಳು ಮುನಿಲಕ್ಷ್ಮಿಯೇ.

ಗುರುವಾರ ಗಂಗಾ ಬಂದು ಕಾಲು ತೊಳೆದು ಒಳಗೆ ಹೋದಳು. ಆಂಜಿನಮ್ಮ ಗೋಡೆಗೆ ಸರಿದರು. "ನನ್ನು ಮುಟ್ಟುಕೋವದ್ದು. ಮುಟ್ಬೇಡ ಕಣೇ ಗಂಗಾ. ಸತ್ತೋಗ್ತೀಯ." ಮಗಳ ಹೆಸರು ಅವರಿಗೆ ಚೆನ್ನಾಗಿ ನೆನಪಿತ್ತು. ಅದೇ ನಮಗೆ ಸಹಿಸಲಾಗಲಿಲ್ಲ.

ಊಟಕ್ಕೂ ಅದೇ. ತಮ್ಮ ಕೈಯಿಂದ ತಿನ್ನುವುದಿಲ್ಲ, ವಿಷ. ನಾವು ತಿನ್ನಿಸಲು ಹೋದರೆ ಬಾಯಿ ಬಿಗಿಹಿಡಿದು, ನನ್ನ ಹತ್ತಿರ ಬರಬೇಡಿ, ಮಕ್ಕಳಿರುವವರು ನೀವು ಎನ್ನುತ್ತಾರೆ. ಮುನಿಲಕ್ಷ್ಮಿ ಅವರ ಮುಂದೆ ಮಂಡಿಯೂರಿದಳು. "ಅವ್ವ, ನಿಮ್ ಕೈ ಚೆನ್ನಾಗೈತೆ. ಸೊಪ್ಪಲ್ಲಿ ಔಷ್ದಿ ಇತ್ತು. ತಂದಿದ್ ನಾನು. ನನ್ನ ಬೈರಿ." ಆಂಜಿನಮ್ಮ ಅವಳ ಮುಖವನ್ನೇ ನೋಡಿ, "ಅಳ್ಬೇಡ ತಾಯಿ, ನೀನೇನ್ ಮಾಡ್ದೆ? ಕೈ ನಂದು" ಎಂದು ಸಮಾಧಾನ ಹೇಳಿದರು. ಸಮಾಧಾನ ಹೇಳುವಾಗಲೂ ಕೈ ತೊಡೆಯ ಕೆಳಗೇ ಇತ್ತು.

ಮುನಿಲಕ್ಷ್ಮಿ ಹೊಸ ಹುಳ ತಂದಳು. ಆಂಜಿನಮ್ಮ ಕಣ್ಣು ಮುಚ್ಚಿಕೊಂಡು, ತೆಗಿ ತೆಗಿ ಎಂದು ಮುಖ ತಿರುಗಿಸಿದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅರಿಶಿನದ ನೀರು ಮಾಡಿ, ಇದರಲ್ಲಿ ಕೈ ತೊಳೆದರೆ ದೋಷ ಹೋಗುತ್ತದೆ ಎಂದು ತೊಳೆಸಿದಳು. ಅದನ್ನು ಆಂಜಿನಮ್ಮ ನಂಬಿದರು. ಅಂಗೈ ತಿರುಗಿಸಿ ನೋಡಿ, ಹೋಯಿತಾ ಎಂದು ಕೇಳಿ, ಎರಡು ತುತ್ತು ಅನ್ನ ತಿಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಉಸಿರುಬಿಟ್ಟೆವು. ಮೂರನೇ ತುತ್ತಿಗೆ ತೊಳೆದಿದ್ದು ಮರೆತುಹೋಗಿತ್ತು, ವಿಷ ಮರೆತಿರಲಿಲ್ಲ. ಮತ್ತೆ ತೊಳೆಸು, ಎರಡು ತುತ್ತು. ಮತ್ತೆ ತೊಳೆಸು. ವಾರ ಕಳೆಯುವಷ್ಟರಲ್ಲಿ ಅಂಗೈ ಚರ್ಮ ಬಿರಿದು ರಕ್ತ ಜಿನುಗಿತು, ನಾನೇ ನಿಲ್ಲಿಸಿದೆ. ಆಮೇಲೆ ಅವರು ತುಸು ಮೈಮರೆತಾಗ ಬಾಯಿಗಿಟ್ಟ ಎರಡು ಚಮಚ ಗಂಜಿಯಲ್ಲೇ ದಿನ ದೂಡಿದೆವು. ಮುನಿಲಕ್ಷ್ಮಿ ಬೆಂಗಳೂರಿಗೆ ಫೋನ್ ಮಾಡಿ ಅವಳಿಗೆ ಕಲಿಸಿದವರನ್ನು ಕೇಳಿದಳು. ಅವರು ಗಮನ ಬೇರೆ ಕಡೆ ತಿರುಗಿಸಿ ನೋಡಿ ಎಂದರು. ಒಳ್ಳೆಯವರೇ. ಅವರ ಹತ್ತಿರವೂ ಇನ್ನೇನೂ ಇರಲಿಲ್ಲ.

ನನಗೆ ಯಾರನ್ನಾದರೂ ಹಿಡಿದು ಬೈಯಬೇಕಿತ್ತು. ಗೌಡರನ್ನು ಬೈಯಲೇ? ಬೆಳೆ ಉಳಿಸಿಕೊಂಡ ತೋಪಿನವರನ್ನೇ? ಮುನಿಲಕ್ಷ್ಮಿಯನ್ನು ಬೈಯಲು ಬಾಯಿ ಬರಲಿಲ್ಲ. ಹುಳ ತರದಿದ್ದರೆ ಆಂಜಿನಮ್ಮ ದೀಪಾವಳಿಯ ಹೊತ್ತಿಗೇ ಹೋಗಿರುತ್ತಿದ್ದರು. ತಂದಿದ್ದಕ್ಕೆ ಹೀಗಾಯಿತು. ಗಂಗಾ ಒಮ್ಮೆ ವರಾಂಡದಲ್ಲಿ ಅವಳನ್ನು ಕೇಳಿಯೇಬಿಟ್ಟಳು: "ಅಕ್ಕ, ಅವತ್ತು ನಮ್ಮಮ್ಮ ನನ್ನ ಮರ್ತವ್ಳೆ ಅಂತ ಅಳ್ತಿದ್ನಲ್ಲ. ಮರ್ತೇ ಹೋಗಿದ್ರೆ ಚೆನ್ನಾಗಿತ್ತಲ್ವಾ? ನನ್ ಉಳ್ಸಕ್ ಅಂತ ದೂರ ತಳ್ತಾ ಅವ್ಳೆ." ಮುನಿಲಕ್ಷ್ಮಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು.

ಅದೇ ದಿನಗಳಲ್ಲಿ ಕೋಲಾರದಲ್ಲಿ ದೊಡ್ಡ ತರಬೇತಿ. ಟ್ರಸ್ಟಿನವರು ಆ ವಿಡಿಯೋ ಹಾಕಿದರು. ಆಂಜಿನಮ್ಮ ಒಂದು ಹುಡುಗಿಯ ಕೈ ಹಿಡಿದು ಸೊಪ್ಪು ಹಾಕಿಸುತ್ತಾ ನಗುವುದು ಗೋಡೆಯಷ್ಟು ದೊಡ್ಡದಾಗಿ ಕಾಣಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಅಲ್ಲಿದ್ದೆ. ಮಾಲೂರಿನಿಂದ ಬಂದಿದ್ದ ಚೈತನ್ಯ ಎಂಬ ಹುಡುಗಿ ಎದ್ದು, "ಅಕ್ಕ, ಅವ್ವ ಈಗ ಹೆಂಗವ್ರೆ?" ಎಂದು ಕೇಳಿದಳು. ಮುನಿಲಕ್ಷ್ಮಿ ಪೂರ್ತಿ ಹೇಳಿದಳು. ಸೊಪ್ಪು ತಂದಿದ್ದು, ತೊಳೆಯದಿದ್ದು, ಹುಳ ಸತ್ತಿದ್ದು, ಕೈ. "ಹಂಗಾದ್ರೆ ಈಗ ಏನ್ ಮಾಡ್ಬೇಕು?" ಎಂದಳು ಆ ಹುಡುಗಿ. "ನಂಗ್ ಗೊತ್ತಿಲ್ಲ ಕಣಮ್ಮ. ಗೊತ್ತಿದ್ರೆ ಇಲ್ಲಿಗ್ ಬರ್ತಿರ್ಲಿಲ್ಲ, ಅಲ್ಲಿ ಮಾಡ್ತಾ ಇರ್ತಿದ್ದೆ" ಎಂದು ಮುನಿಲಕ್ಷ್ಮಿ ಕೂತುಬಿಟ್ಟಳು. ಟ್ರಸ್ಟಿನವರು ಊಟಕ್ಕೆ ಬಿಟ್ಟರು.

ಯುಗಾದಿ ಕಳೆದ ಮೇಲೆ ಆಂಜಿನಮ್ಮ ಹಾಸಿಗೆ ಹಿಡಿದರು. ಗಂಗಾಳ ಮಾತಿನಂತೆ ನಳಿಕೆ ಹಾಕಿಸಲಿಲ್ಲ. ತುಟಿಗೆ ಹತ್ತಿಯಲ್ಲಿ ನೀರು ಹಚ್ಚುತ್ತಿದ್ದೆವು. ಮಾತು ನಿಂತಿತು, ಕಣ್ಣು ಮುಚ್ಚಿದ್ದೇ ಹೆಚ್ಚು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಡಾಕ್ಟರು ಹೇಳಿದ ಬೆಳಿಗ್ಗೆ ಗಂಗಾ ಡ್ಯೂಟಿ ಬಿಟ್ಟು ಖಾಕಿ ಬಟ್ಟೆಯಲ್ಲೇ ಓಡಿಬಂದಳು. ಇಷ್ಟು ದಿನವೂ ಕೋಣೆಯ ಆಚೆ ಮೂಲೆಯಲ್ಲಿ ನಿಂತು ನೋಡಿ ಹೋಗುತ್ತಿದ್ದವಳು, ಆವತ್ತೂ ಹಾಗೇ ಗೋಡೆಗೆ ಒರಗಿ ನಿಂತಳು.

ಮುನಿಲಕ್ಷ್ಮಿ ಅವಳ ಭುಜ ಹಿಡಿದು ಮಂಚದ ಹತ್ತಿರ ಕೂರಿಸಿದಳು. "ಈಗ ಅವ್ರಿಗ್ ಗೊತ್ತಾಗಲ್ಲ. ಕೈ ಹಿಡ್ಕೊ."

ಹೊದಿಕೆಯ ಕೆಳಗಿಂದ ಗಂಗಾ ತಾಯಿಯ ಕೈ ತೆಗೆದಳು. ಒಣಗಿದ ಅಂಗೈಯನ್ನು ಕೆನ್ನೆಗೆ ಒತ್ತಿಕೊಂಡಳು. ಆಂಜಿನಮ್ಮ ಕಣ್ಣು ತೆರೆದರು. ಮೊದಲು ಕೈ ಕಂಡಿತು, ಆಮೇಲೆ ಮಗಳ ಮುಖ. ನಗುತ್ತಾರೆ ಎಂದುಕೊಂಡೆ. ಆ ಮುಖದಲ್ಲಿ ಬಂದದ್ದು ಭಯ. ಕೈ ಎಳೆದುಕೊಳ್ಳಲು ನೋಡಿದರು, ಶಕ್ತಿ ಇರಲಿಲ್ಲ, ಬೆರಳು ಮಾತ್ರ ಅಲುಗಿದವು. ಉಸಿರು ಎಳೆಯತೊಡಗಿತು. ತುಟಿ ಆಡಿತು, ಧ್ವನಿ ಬರಲಿಲ್ಲ. ಏನು ಹೇಳುತ್ತಿದ್ದಾರೆಂದು ನಮ್ಮೆಲ್ಲರಿಗೂ ಗೊತ್ತಿತ್ತು.

"ಏನೂ ಆಗಲ್ಲಮ್ಮ, ನೋಡು, ನಾನ್ ಚೆನ್ನಾಗಿದ್ದೀನಿ" ಎಂದಳು ಗಂಗಾ. ಉಸಿರು ಇನ್ನೂ ಜೋರಾಯಿತು. ಕಣ್ಣು ಮಗಳನ್ನು ಬಿಡದೆ ಬೇಡುತ್ತಿತ್ತು.

ಮುನಿಲಕ್ಷ್ಮಿ ಗಂಗಾಳ ಪಕ್ಕದಲ್ಲಿ ಮಂಡಿಯೂರಿದಳು. "ಬಿಟ್ಬಿಡು ಗಂಗಾ."

"ಇಲ್ಲ ಅಕ್ಕ. ಇವತ್ತೊಂದಿನ."

"ಅವ್ರಿಗೋಸ್ಕರ ಬಿಡು ತಾಯಿ."

ಗಂಗಾ ಆ ಕೈಯನ್ನು ಹೊದಿಕೆಯ ಕೆಳಗೆ ಇಟ್ಟಳು. ಎದ್ದು, ತಾಯಿಯ ಕಡೆಗೇ ಮುಖ ಮಾಡಿಕೊಂಡು, ಹಿಂದಕ್ಕೆ ನಡೆದಳು. ಅವಳ ಬೆನ್ನು ಗೋಡೆಗೆ ತಾಗುವವರೆಗೂ ಆಂಜಿನಮ್ಮ ನೋಡುತ್ತಿದ್ದರು. ಮಗಳು ಅಷ್ಟು ದೂರ ಹೋದ ಮೇಲೆ ಅವರ ಉಸಿರು ಸಮನಾಯಿತು, ಮುಖ ಸಡಿಲವಾಯಿತು, ಕಣ್ಣು ಮುಚ್ಚಿಕೊಂಡರು.

ಮಧ್ಯಾಹ್ನ ಉಸಿರು ನಿಂತಿತು. ನಾನು ನಾಡಿ ನೋಡಿ, ಹೊತ್ತು ನೋಡಿ, ಈಗ ಬಾ ಎಂದು ಗಂಗಾಳನ್ನು ಕರೆದೆ. ಗಂಗಾ ಗೋಡೆ ಬಿಟ್ಟು ಬರಲಿಲ್ಲ.